ಎರಡು ಡಿಸ್ಕ್ ಇದ್ದರೆ ಸಾಕೇ? ರೇಡ್ ಕುರಿತ ಪ್ರಶ್ನೋತ್ತರ

ಪ್ರಶ್ನೆ: ನಮ್ಮದೊಂದು ಚಿಕ್ಕ ಫೋಟೊ ಸ್ಟುಡಿಯೊ. ಮದುವೆ, ನಾಮಕರಣ, ಗೃಹಪ್ರವೇಶದ ಫೋಟೊ, ವಿಡಿಯೊ ಎಲ್ಲವೂ ಒಂದೇ ಡೆಸ್ಕ್‌ಟಾಪ್‌ನಲ್ಲಿವೆ. ಈಗ 4 ಟಿಬಿಯ ಎರಡು ಹಾರ್ಡ್ ಡಿಸ್ಕ್ ತಂದಿದ್ದೇನೆ. ಕಂಪ್ಯೂಟರ್ ಜೋಡಿಸಿಕೊಡುವ ಹುಡುಗ, ‘ರೇಡ್ 0 ಮಾಡೋಣ ಸಾರ್, 8 ಟಿಬಿ ಆಗುತ್ತೆ, ಎಡಿಟಿಂಗೂ ಸ್ಪೀಡಾಗುತ್ತೆ’ ಎನ್ನುತ್ತಾನೆ. ಮಾಡಿಸಲೇ?
– ಛಾಯಾಗ್ರಾಹಕರು, ಹಾಸನ

ಉತ್ತರ: ದಯವಿಟ್ಟು ಬೇಡ. ಆ ಹುಡುಗ ಹೇಳಿದ್ದರಲ್ಲಿ ಸುಳ್ಳಿಲ್ಲ; ಜಾಗವೂ ಸಿಗುತ್ತದೆ, ವೇಗವೂ ಹೆಚ್ಚುತ್ತದೆ. ಆದರೆ ರೇಡ್ 0 ದೊಡ್ಡ ಕಡತಗಳನ್ನು ಚೂರು ಮಾಡಿ, ಒಂದು ಚೂರು ಈ ಡಿಸ್ಕಿಗೆ, ಮುಂದಿನದು ಆ ಡಿಸ್ಕಿಗೆ ಎಂದು ಹಂಚುತ್ತದೆ. ಎರಡರಲ್ಲಿ ಯಾವುದೊಂದು ಕೆಟ್ಟರೂ ಇನ್ನೊಂದರಲ್ಲಿ ಉಳಿಯುವುದು ಅರ್ಧರ್ಧ ಚೂರುಗಳಷ್ಟೇ. ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ 1988ರಲ್ಲಿ ರೇಡ್ ಕುರಿತು ಪ್ರಬಂಧ ಮಂಡಿಸಿದಾಗ ಅದರಲ್ಲಿದ್ದದ್ದು 1ರಿಂದ 5ರವರೆಗಿನ ಮಟ್ಟಗಳು. ಸೊನ್ನೆ ಆಮೇಲೆ ಸೇರಿಕೊಂಡದ್ದು. ಕಾಪಾಡುವ ಗುಣ ಅದಕ್ಕಿಲ್ಲ. ಬೇರೆಯವರ ಮನೆಯ ಮದುವೆ ನಿಮ್ಮ ವಶದಲ್ಲಿದೆ, ಅದನ್ನು ಮತ್ತೊಮ್ಮೆ ತೆಗೆಯಲಾಗದು.

ನಿಮಗೆ ಬೇಕಾದದ್ದು ರೇಡ್ 1, ಅಂದರೆ ಮಿರರ್. ಬರೆದದ್ದೆಲ್ಲ ಎರಡೂ ಡಿಸ್ಕಿನಲ್ಲಿ ಒಂದೇ ಸಮನೆ ಬೀಳುತ್ತದೆ. ಜಾಗ 4 ಟಿಬಿಯಷ್ಟೇ. ವಿಂಡೋಸ್ ಅದನ್ನೂ 3.63 ಎಂದು ತೋರಿಸುತ್ತದೆ, ಗಾಬರಿಯಾಗಬೇಡಿ. ಕಂಪನಿ ಸಾವಿರದ ಲೆಕ್ಕದಲ್ಲಿ ಮಾರುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ವಿಂಡೋಸ್ 10 ಅಥವಾ 11ರಲ್ಲಿ ಕಂಟ್ರೋಲ್ ಪ್ಯಾನೆಲ್‌ನ ಸ್ಟೋರೇಜ್ ಸ್ಪೇಸಸ್ ತೆರೆದು, ಎರಡೂ ಡಿಸ್ಕನ್ನು ಆರಿಸಿ, ‘ಟು-ವೇ ಮಿರರ್’ ಎಂದು ಕೊಟ್ಟರೆ ಮುಗಿಯಿತು. ಹಾಗೆ ಕೊಟ್ಟ ಡಿಸ್ಕಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಖಾಲಿ ಡಿಸ್ಕನ್ನೇ ಕೊಡಿ. ವಿಂಡೋಸ್ ಮಾತ್ರ ಬೇರೆ ಎಸ್‌ಎಸ್‌ಡಿಯಲ್ಲಿರಲಿ.

ಮದರ್‌ಬೋರ್ಡಿನ ಬಯಾಸ್‌ನಲ್ಲೂ ರೇಡ್ ಆಯ್ಕೆ ಇರುತ್ತದೆ. ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ನಾಳೆ ಬೋರ್ಡ್ ಸುಟ್ಟರೆ ಅದೇ ಬಗೆಯ ಬೋರ್ಡ್ ಹುಡುಕಿಕೊಂಡು ಅಲೆಯಬೇಕಾದೀತು. ವಿಂಡೋಸ್‌ನಲ್ಲೇ ಮಾಡಿದ ಮಿರರ್ ಆದರೆ, ಎರಡೂ ಡಿಸ್ಕನ್ನು ಕಳಚಿ ಅಷ್ಟೇ ಹೊಸ ಅಥವಾ ಇನ್ನೂ ಹೊಸ ವಿಂಡೋಸ್ ಇರುವ ಬೇರೆ ಕಂಪ್ಯೂಟರಿಗೆ ಹಾಕಿದರೂ ಗುರುತಿಸುತ್ತದೆ.

ಇನ್ನೊಂದು ಮಾತು. ಡಿಸ್ಕ್ ಕೊಳ್ಳುವಾಗ ಅದು ಸಿಎಂಆರ್ ಬಗೆಯದೋ ಎಸ್‌ಎಂಆರ್ ಬಗೆಯದೋ ಎಂದು ಕೇಳಿ. ಎಸ್‌ಎಂಆರ್‌ನಲ್ಲಿ ಬರಹದ ಜಾಡುಗಳು ಹೆಂಚಿನಂತೆ ಒಂದರ ಮೇಲೊಂದು ಚಾಚಿಕೊಂಡಿರುತ್ತವೆ, ಒಂದನ್ನು ತಿದ್ದಲು ಪಕ್ಕದ್ದನ್ನೂ ಮತ್ತೆ ಬರೆಯಬೇಕು. ಕೆಟ್ಟ ಡಿಸ್ಕಿನ ಬದಲು ಹೊಸದನ್ನು ತುಂಬಿಸುವಾಗ ಇದು ತೀರಾ ನಿಧಾನ. ರೇಡ್‌ಗೆಂದೇ ಮಾರುತ್ತಿದ್ದ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸರಣಿಯ ಕೆಲವು ಡಿಸ್ಕುಗಳೂ ಎಸ್‌ಎಂಆರ್ ಎಂದು 2020ರಲ್ಲಿ ಬಯಲಾದಾಗ ಕೊಂಡವರು ಸಿಟ್ಟಾದದ್ದು ಇದಕ್ಕೇ.

ಪ್ರಶ್ನೆ: ಮಿರರ್ ಇದೆಯೆಂದು ನಿಶ್ಚಿಂತೆಯಿಂದಿದ್ದೆ. ಮೊನ್ನೆ ಮಗಳ ಪಿಎಚ್‌ಡಿ ಫೋಲ್ಡರ್ ಕೈತಪ್ಪಿ ಅಳಿಸಿಹೋಯಿತು. ಎರಡೂ ಡಿಸ್ಕಿನಲ್ಲಿ ಇಲ್ಲ. ಏನು ಮಾಡಲಿ?
– ನಿವೃತ್ತ ಅಧ್ಯಾಪಕರು, ಧಾರವಾಡ

ಉತ್ತರ: ಸರ್, ಮೊದಲು ಕಂಪ್ಯೂಟರ್ ಆಫ್ ಮಾಡಿ, ಆಮೇಲೆ ಈ ಉತ್ತರವನ್ನು ಓದಿ. ಅಳಿಸಿದ ಕಡತದ ಹೆಸರು ಪಟ್ಟಿಯಿಂದ ಹೋಗುತ್ತದೆಯೇ ಹೊರತು, ಹಾರ್ಡ್ ಡಿಸ್ಕಿನಲ್ಲಿ ಅದರ ಒಡಲು ಬೇರೇನಾದರೂ ಮೇಲೆ ಬರೆಯುವವರೆಗೆ ಉಳಿದಿರುತ್ತದೆ. ನೀವು ಮತ್ತೆ ಮತ್ತೆ ಆನ್ ಮಾಡಿ ಹುಡುಕಿದಷ್ಟೂ ಆ ಜಾಗ ತುಂಬುತ್ತಾ ಹೋಗುತ್ತದೆ. ಡೇಟಾ ರಿಕವರಿ ಬಲ್ಲವರ ಬಳಿಗೆ ಎರಡೂ ಡಿಸ್ಕ್ ಒಯ್ಯಿರಿ. ಸಿಕ್ಕಿದ್ದನ್ನು ಮೂರನೆಯ ಡಿಸ್ಕಿಗೇ ಇಳಿಸಲು ಹೇಳಿ. ಮಗಳು ಮಾರ್ಗದರ್ಶಕರಿಗೆ ಕಳಿಸಿದ ಇಮೇಲ್‌ಗಳನ್ನೂ ಹುಡುಕಿ, ಹಳೆಯ ಅಧ್ಯಾಯಗಳು ಅಲ್ಲಿ ಸಿಕ್ಕಾವು.

ಮಿರರ್ ನಿಮಗೆ ಮೋಸ ಮಾಡಲಿಲ್ಲ, ಹೇಳಿದ ಕೆಲಸವನ್ನೇ ಮಾಡಿತು: ಅಳಿಸು ಎಂದಿರಿ, ಎರಡೂ ಕಡೆ ಅಳಿಸಿತು. ವೈರಸ್ ಬಂದು ಕಡತಗಳಿಗೆ ಬೀಗ ಜಡಿದರೂ ಎರಡೂ ಕಡೆ ಜಡಿಯುತ್ತದೆ. ಡಿಸ್ಕ್ ಕೆಟ್ಟ ದಿನ ಕೆಲಸ ನಿಲ್ಲದಿರಲಿ ಎಂಬುದಕ್ಕಷ್ಟೇ ರೇಡ್, ಬ್ಯಾಕಪ್ ಬೇರೆಯೇ. ಎರಡರಲ್ಲಿ ಒಂದಕ್ಕೇ ದುಡ್ಡಿದೆ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಮಿರರ್ ಬಿಡಿ, ಒಂದು ಎಕ್ಸ್‌ಟರ್ನಲ್ ಡಿಸ್ಕ್ ತನ್ನಿ, ವಾರಕ್ಕೊಮ್ಮೆ ನಕಲು ತೆಗೆದು ಕೇಬಲ್ ಕಳಚಿ ಬೀರುವಿನಲ್ಲಿಡಿ. ಹಾಸನದ ಛಾಯಾಗ್ರಾಹಕರಿಗೂ ಇದೇ ಮಾತು. ಅವರ ಆ ಮೂರನೆಯ ಡಿಸ್ಕ್ ಸ್ಟುಡಿಯೊದಲ್ಲಿ ಬೇಡ, ಮನೆಯಲ್ಲಿರಲಿ.

ಪ್ರಶ್ನೆ: ನನ್ನ ಬಳಿ ಹಳೆಯ 500 ಜಿಬಿ, 1 ಟಿಬಿ, 2 ಟಿಬಿ ಡಿಸ್ಕುಗಳಿವೆ. ಲಿನಕ್ಸ್‌ನಲ್ಲಿ ರೇಡ್ 5 ಕಟ್ಟಬಹುದೇ?
– ಬಿಇ ವಿದ್ಯಾರ್ಥಿನಿ, ಮೈಸೂರು

ಉತ್ತರ: ಕಟ್ಟಬಹುದು, ಆದರೆ ಚಿಕ್ಕ ಡಿಸ್ಕಿನದೇ ಅಳತೆ. ಮೂರರಿಂದಲೂ 500 ಜಿಬಿಯಷ್ಟೇ ಬಳಕೆಯಾಗಿ, ಅದರಲ್ಲಿ ಒಂದು ಪಾಲು ಪ್ಯಾರಿಟಿಗೆ, ಅಂದರೆ ಕೆಟ್ಟ ಡಿಸ್ಕಿನದನ್ನು ಮರಳಿ ಕಟ್ಟಿಕೊಡುವ ಲೆಕ್ಕಕ್ಕೆ ಹೋಗಿ, ಕೈಗೆ ಸಿಗುವುದು 1 ಟಿಬಿ. ಕಲಿಯಲು ಇದು ಚೆನ್ನ. ಲಿನಕ್ಸ್‌ನ ಎಂಡಿಅಡ್ಮ್ ತಂತ್ರಾಂಶದಲ್ಲಿ ರೇಡ್ ಕಟ್ಟಿ, ಒಂದು ಡಿಸ್ಕನ್ನು ಬೇಕೆಂದೇ ‘ಫೇಲ್’ ಎಂದು ಗುರುತಿಸಿ, ತೆಗೆದು, ಮತ್ತೆ ಸೇರಿಸಿ, ಅದು ತುಂಬಿಕೊಳ್ಳುವುದನ್ನು ನೋಡಿ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಡೇಟಾ ಮತ್ತು ಪ್ಯಾರಿಟಿ ತಾಳೆಯಾಗದೆ ಉಳಿಯುವ ಅಪಾಯ ರೇಡ್ 5ಕ್ಕಿದೆ; ಯುಪಿಎಸ್ ಇಲ್ಲದೆ ಮುಖ್ಯವಾದದ್ದೇನನ್ನೂ ಅದರ ಮೇಲಿಡಬೇಡಿ.

ಪ್ರಶ್ನೆ: ಮಿರರ್‌ನಲ್ಲಿ ಒಂದು ಡಿಸ್ಕ್ ಕೆಟ್ಟಿದೆ ಎಂದು ತೋರಿಸುತ್ತಿದೆ. ಎರಡೂ ಒಂದೇ ಕಂಪನಿ, ಒಂದೇ ಮಾಡೆಲ್. ಕೆಟ್ಟದ್ದು ಯಾವುದು ಎಂದು ತಿಳಿಯುವುದು ಹೇಗೆ?
– ಅಡಿಕೆ ವ್ಯಾಪಾರಿ, ಶಿರಸಿ

ಉತ್ತರ: ಸೀರಿಯಲ್ ನಂಬರ್ ನೋಡಿ. ತಪ್ಪಿ ಸರಿಯಿರುವುದನ್ನು ಎಳೆದು, ಕೆಟ್ಟದ್ದನ್ನೇ ಬಿಟ್ಟರೆ ಲೆಕ್ಕಪತ್ರಕ್ಕೇ ಸಂಚಕಾರ. ಕ್ರಿಸ್ಟಲ್‌ಡಿಸ್ಕ್‌ಇನ್ಫೊದಂಥ ಉಚಿತ ತಂತ್ರಾಂಶದಲ್ಲಿ ಪ್ರತಿ ಡಿಸ್ಕಿನ ನಂಬರ್ ಕಾಣುತ್ತದೆ. ಕೆಟ್ಟದ್ದು ಅಲ್ಲಿ ಕಾಣಿಸದೇ ಹೋದರೆ, ಕಾಣುತ್ತಿರುವುದೇ ಸರಿಯಿರುವುದು. ಅದೇ ನಂಬರ್ ಡಿಸ್ಕಿನ ಮೇಲಿನ ಚೀಟಿಯಲ್ಲೂ ಇರುತ್ತದೆ. ಇವತ್ತೇ ಸರಿಯಿರುವುದರಿಂದ ಲೆಕ್ಕದ ಕಡತಗಳನ್ನು ಪೆನ್ ಡ್ರೈವಿಗೆ ನಕಲು ಮಾಡಿ, ಆಮೇಲೆ ಸ್ವಿಚ್ ಆರಿಸಿ, ನಂಬರ್ ತಾಳೆ ನೋಡಿ ಕೆಟ್ಟದ್ದನ್ನು ಕಳಚಿ. ಹೊಸದು ಅಷ್ಟೇ ಗಾತ್ರದ್ದು ಅಥವಾ ದೊಡ್ಡದಿರಬೇಕು. 4 ಟಿಬಿ ಪೂರ್ತಿ ತುಂಬಲು ಸೆಕೆಂಡಿಗೆ 150 ಎಂಬಿ ವೇಗದಲ್ಲೂ ಏಳು ಗಂಟೆಗೆ ಮೇಲಾಗುತ್ತದೆ, ಅಷ್ಟು ಹೊತ್ತು ಯುಪಿಎಸ್‌ನಲ್ಲೇ ಇರಲಿ. ಹಾಕುವ ಮುನ್ನ ಹೊಸ ಡಿಸ್ಕಿನ ನಂಬರನ್ನು ಕ್ಯಾಬಿನೆಟ್ ಬಾಗಿಲ ಒಳಗೆ ಬರೆದು ಅಂಟಿಸಿ, ಯಾವ ಕೇಬಲ್ಲಿಗೆ ಯಾವುದು ಎಂಬುದೂ ಸೇರಿ.