ಸುದ್ದಿ ದಾರಿ ತಪ್ಪದಂತೆ: ಬ್ಯಾಕ್ಟೀರಿಯಾಗಳಿಂದ ಒಂದು ಪಾಠ



ಕೆಲವು ವರ್ಷಗಳ ಹಿಂದೆ ಒಬ್ಬ ಮೇಸ್ತ್ರಿಗೆ ಮೇಲಿನ ತಾಕಿನ ಮರಗಸಿ, ಇನ್ನೊಬ್ಬನಿಗೆ ಕೆಳಗಿನ ತಾಕಿಗೆ ಗೊಬ್ಬರ ಎಂದು ಹೇಳಿ ನಾನು ಪೇಟೆಗೆ ಹೋದೆ. ಮಾತು ಅದಲುಬದಲಾಯಿತು. ಸಂಜೆ ಬಂದು ನೋಡಿದರೆ, ಎಳೆ ಗಿಡಗಳಿದ್ದ ಕೆಳಗಿನ ತಾಕಿನ ನೆರಳೇ ಇಳಿದುಹೋಗಿತ್ತು. ಕಡಿದ ಕೊಂಬೆ ಮತ್ತೆ ಅಂಟೀತೆ?

ಇಬ್ಬರಿರುವಲ್ಲೇ ಹೀಗಾದರೆ, ಹತ್ತಾರು ಸುದ್ದಿಗಳು ಒಟ್ಟಿಗೇ ಓಡಾಡುವಲ್ಲಿ ಏನು ಗತಿ? ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾದ ಒಳಗೆ ಇರುವುದು ಇದೇ ಸ್ಥಿತಿ.

ಬ್ಯಾಕ್ಟೀರಿಯಾದ ಪೊರೆಯಲ್ಲಿ ಕಾವಲುಗಾರರಂತಹ ಪ್ರೋಟೀನುಗಳಿವೆ. ಇವಕ್ಕೆ ಹಿಸ್ಟಿಡಿನ್ ಕೈನೇಸ್ ಎಂದು ಹೆಸರು. ಒಂದು ಉಪ್ಪಿನಂಶವನ್ನು ಗಮನಿಸಿದರೆ, ಮತ್ತೊಂದು ರಂಜಕದ ಕೊರತೆಯನ್ನು ಗಮನಿಸುತ್ತದೆ. ಸುದ್ದಿ ಬಂದೊಡನೆ ಕಾವಲುಗಾರ ಒಳಗಿರುವ ತನ್ನ ಜೊತೆಗಾರ ಪ್ರೋಟೀನಿಗೆ ಒಂದು ಫಾಸ್ಫೇಟ್ ತುಣುಕನ್ನು ಚೀಟಿಯಂತೆ ಅಂಟಿಸುತ್ತದೆ. ಚೀಟಿ ಪಡೆದ ಜೊತೆಗಾರ ತಕ್ಕ ಜೀನುಗಳನ್ನು ಕೆಲಸಕ್ಕೆ ಹಚ್ಚುತ್ತದೆ. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿಯಲ್ಲಿ ಇಂತಹ ಸುಮಾರು 30 ಜೋಡಿಗಳಿವೆ. ಎಲ್ಲವೂ ಒಂದೇ ವಂಶದವು, ರೂಪದಲ್ಲಿ ಅಣ್ಣತಮ್ಮಂದಿರಂತೆ. ಆದರೂ ಚೀಟಿ ತಪ್ಪುವುದು ಅಪರೂಪ. ಇದಕ್ಕೆ ಮೂರು ಕಾರಣಗಳನ್ನು ಹೇಳಬಹುದು.

1. ಹೊಂದಿಕೆ. ಜೋಡಿಗಳು ಬೀಗ ಮತ್ತು ಕೀಲಿಯಂತೆ ಕೂಡುವ ಜಾಗದಲ್ಲಿ ಕೆಲವೇ ಅಮೈನೋ ಆಮ್ಲಗಳು ನಿರ್ಣಾಯಕ. 2008ರಲ್ಲಿ ಅಮೆರಿಕದ ಎಂ.ಐ.ಟಿ.ಯ ಮೈಕೆಲ್ ಲಾಬ್ ಮತ್ತು ಸಂಗಡಿಗರು ಅವನ್ನು ಬದಲಿಸಿ, ಒಂದು ಕಾವಲುಗಾರನ ಚೀಟಿ ಬೇರೆಯದೇ ಜೊತೆಗಾರನಿಗೆ ಹೋಗುವಂತೆ ಮಾಡಿ ತೋರಿಸಿದರು.

2. ತಿದ್ದುಪಡಿ. ಅನೇಕ ಕಾವಲುಗಾರರು ಚೀಟಿ ಅಂಟಿಸುವುದಲ್ಲದೆ ಕೀಳುವುದನ್ನೂ ಬಲ್ಲರು. ಸುದ್ದಿಯಿಲ್ಲದ ವೇಳೆಯಲ್ಲಿ ತಮ್ಮ ಜೊತೆಗಾರನಿಗೆ ಬೇರೆ ಕಡೆಯಿಂದ ಚೀಟಿ ಬಂದರೆ ಅದನ್ನು ಕಿತ್ತುಹಾಕುತ್ತಾರೆ.

3. ಪೈಪೋಟಿ. ಸ್ವಂತ ಜೊತೆಗಾರನು ಸಾಕಷ್ಟು ಸಂಖ್ಯೆಯಲ್ಲಿದ್ದು ಎದುರಿಗೇ ನಿಂತಿರುವಾಗ, ಹೊರಗಿನವನಿಗೆ ಕಾವಲುಗಾರನ ಬಳಿ ಜಾಗ ಸಿಗುವುದಿಲ್ಲ.

ಚೀಟಿ ತಪ್ಪಿದರೆ ಆಗುವ ನಷ್ಟವೇನು? 2012ರಲ್ಲಿ ಲಾಬ್ ಅವರ ತಂಡ ಕಾಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದಲ್ಲಿ ಇದನ್ನು ಪರೀಕ್ಷಿಸಿತು. ರಂಜಕದ ಕೊರತೆ ತಿಳಿಸುವ ಕಾವಲುಗಾರನನ್ನು ತುಸು ಬದಲಿಸಿದಾಗ, ಅವನ ಚೀಟಿ ಸಾರಜನಕದ ಕಡೆಯ ಜೊತೆಗಾರನಿಗೂ ಹೋಗತೊಡಗಿತು. ರಂಜಕ ಸಾಕಷ್ಟಿಲ್ಲದಾಗ ಈ ಬ್ಯಾಕ್ಟೀರಿಯಾ ಬೆಳವಣಿಗೆಯಲ್ಲಿ ಹಿಂದೆ ಬಿತ್ತು. ಕೊರತೆಯ ಕಾಲದಲ್ಲಿ ಹಿಂದೆ ಬಿದ್ದವನ ಜಾಗವನ್ನು ನೆರೆಯವನು ಹಿಡಿಯುತ್ತಾನೆ. ವಂಶವಂಶಾಂತರಗಳಿಂದ ಈ ಜೋಡಿಗಳು ಬೇರೆಬೇರೆಯಾಗಿ ಉಳಿದಿರುವುದು ಇದರಿಂದಲೇ.

ನಮ್ಮ ಮಲೆನಾಡಿನ ಹುಳಿ ಮಣ್ಣಿನಲ್ಲಿ ರಂಜಕವು ಕಬ್ಬಿಣ, ಅಲ್ಯೂಮಿನಿಯಂಗಳೊಡನೆ ಕಟ್ಟುಬಿದ್ದು ಸುಲಭವಾಗಿ ಸಿಗದೆಂಬುದು ತಮಗೆ ತಿಳಿದದ್ದೇ. ಆ ಕೊರತೆಯನ್ನು ಕಾಫಿ ಗಿಡದಂತೆ ಮಣ್ಣಿನ ಬ್ಯಾಕ್ಟೀರಿಯಾಗಳೂ ಎದುರಿಸಬೇಕು. ಗೊಬ್ಬರದ ಗುಂಡಿಯಿಂದ ಒಂದು ಹಿಡಿ ಮಣ್ಣು ತೆಗೆದಾಗ, ಅದರೊಳಗಿನ ಅಸಂಖ್ಯಾತ ಜೀವಿಗಳು ಒಂದು ಸುದ್ದಿಯನ್ನು ಇನ್ನೊಂದರಿಂದ ಬೇರೆಯಿಟ್ಟೇ ಬದುಕಿವೆ ಎಂಬುದನ್ನು ನೆನೆಯಿರಿ.

ನಾನಂತೂ ಈಗ ತಾಕಿನ ಹೆಸರು ಬರೆದ ಚೀಟಿ ಕೊಡದೆ ಯಾವ ಮೇಸ್ತ್ರಿಯನ್ನೂ ಕೆಲಸಕ್ಕೆ ಕಳುಹಿಸುವುದಿಲ್ಲ.

— ಕಾರ್ಯದರ್ಶಿ