ಬಿತ್ತನೆ ಚೀಲದ ಚೀಟಿ ಎಸೆಯಬೇಡಿ

ಬೇಲೂರು, ಹಳೇಬೀಡು, ಅರಸೀಕೆರೆ ಕಡೆ ಮುಂಗಾರಿನ ಹೊತ್ತಿಗೆ ಆಲೂಗಡ್ಡೆ ಬಿತ್ತನೆಯದೇ ಮಾತು. ಗಡ್ಡೆ ಹೆಚ್ಚಾಗಿ ಪಂಜಾಬಿನ ಜಲಂಧರ್ ಕಡೆಯಿಂದ ಬಂದು ಹಾಸನದ ಎಪಿಎಂಸಿಯಲ್ಲಿ ಮೂಟೆಗಟ್ಟಲೆ ಬಿಕರಿಯಾಗುತ್ತದೆ. ಮೊಳಕೆ ಬಾರದಿದ್ದರೆ ರೈತ ವ್ಯಾಪಾರಿಯನ್ನು ದೂರುತ್ತಾನೆ, ವ್ಯಾಪಾರಿ ಮಳೆಯನ್ನು. ಯಾರ ಮಾತು ನಿಲ್ಲುತ್ತದೆ ಎಂಬುದು ಬಹುಪಾಲು ಒಂದು ಬಿಲ್ಲು, ಒಂದು ಚೀಟಿಯ ಮೇಲೆ ಹೋಗುತ್ತದೆ.

ಮಾರಾಟಕ್ಕೆ ಬಂದ ಬೀಜವನ್ನೆಲ್ಲ ಸರ್ಕಾರ ಪರೀಕ್ಷಿಸಿರುತ್ತದೆ ಎಂದು ನಂಬಿದವರು ಬಹಳ. ಹಾಗಿಲ್ಲ. 1966ರ ಬೀಜ ಕಾಯ್ದೆಯಲ್ಲಿ ಪ್ರಮಾಣೀಕರಣ ಕಡ್ಡಾಯವಲ್ಲ. ಅಧಿಸೂಚಿತ ತಳಿಯಾದರೆ ಕನಿಷ್ಠ ಮೊಳಕೆ ಪ್ರಮಾಣ, ಶುದ್ಧತೆ ಇರಬೇಕು, ಅದನ್ನು ಹೇಳುವ ಲೇಬಲ್ ಇರಬೇಕು, ಅಷ್ಟೇ. ಪ್ರಮಾಣಿತ ಬೀಜದ ಚೀಟಿ ನೀಲಿ, ಮೂಲ ಬೀಜದ್ದು ಬಿಳಿ. ಹಸಿರು ಚೀಟಿ ಕಂಡರೆ ಅದು ಮಾರುವವನೇ ಬರೆದುಕೊಂಡ ಭರವಸೆ, ಬೇರೆ ಯಾರೂ ಹೊಲಕ್ಕೆ ಬಂದು ನೋಡಿಲ್ಲ. ಕಾಯ್ದೆಯ ಲೆಕ್ಕದಲ್ಲಿ ಆಲೂಗಡ್ಡೆಯೂ ಶುಂಠಿಯ ಬಿತ್ತನೆ ಗಡ್ಡೆಯೂ ಬೀಜವೇ. ಆದರೆ ತಾನು ಬೆಳೆದದ್ದನ್ನು ತನ್ನ ಮನೆ, ಹೊಲದಲ್ಲೇ ಬಿತ್ತನೆಗೆಂದು ನೇರವಾಗಿ ಕೊಡುವ ರೈತನಿಗೆ 24ನೇ ಕಲಂ ವಿನಾಯಿತಿ ಕೊಟ್ಟಿದೆ. ಪಕ್ಕದೂರಿನವರ ಹೊಲದಿಂದ ಶುಂಠಿ ತರುವವರು ಇದನ್ನು ತಿಳಿದಿರಲಿ.

ಕಾಯ್ದೆ ಬಂದಾಗ ಬೀಜದ ವ್ಯಾಪಾರದಲ್ಲಿ ಸರ್ಕಾರಿ ನಿಗಮಗಳೇ ದೊಡ್ಡವು. 1988ರ ಬೀಜ ನೀತಿಯ ನಂತರ ಖಾಸಗಿ ಕಂಪನಿಗಳಿಗೆ ದಾರಿ ಅಗಲವಾಯಿತು, ತಪಾಸಣೆ ಮಾತ್ರ ಹಳೆಯ ಜಾಡಿನಲ್ಲೇ ಉಳಿಯಿತು. 1966ರ ಕಾಯ್ದೆ ಮೊದಲ ತಪ್ಪಿಗೆ ಇಟ್ಟ ದಂಡ 500 ರೂಪಾಯಿವರೆಗೆ. ಇಂಥ ದಂಡಕ್ಕೆ ಯಾವ ವ್ಯಾಪಾರಿ ಹೆದರಿಯಾನು? 2004ರ ಬೀಜ ಮಸೂದೆ ಕಾಯ್ದೆಯಾಗಲೇ ಇಲ್ಲ. 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮತ್ತೊಂದು ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತು.

ಹೊಸ ಕಾಯ್ದೆ ಬರುವವರೆಗೆ ಇರುವುದನ್ನೇ ಬಳಸಿಕೊಳ್ಳಬೇಕು. 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಪರವಾನಗಿ ಪಡೆದ ವ್ಯಾಪಾರಿ ನಗದಾಗಲಿ ಸಾಲವಾಗಲಿ ಬಿಲ್ಲು ಕೊಡಲೇಬೇಕು. ತಳಿ, ಲಾಟ್ ಸಂಖ್ಯೆ ಬರೆಸಿಕೊಳ್ಳಿ. ‘ಬಿಲ್ಲು ಬೇಡ, ಮೂಟೆಗೆ ಸ್ವಲ್ಪ ಕಡಿಮೆ ಮಾಡ್ತೀನಿ’ ಎಂಬ ಮಾತಿಗೆ ಒಪ್ಪಿದಿರೋ, ಕೇಸು ಅಲ್ಲೇ ಅರ್ಧ ಸೋತಂತೆ.

ಬೆಳೆ ಕೈಕೊಟ್ಟರೆ ಹೊಲ ಉಳುವ ಮುನ್ನ ಬೀಜ ನಿರೀಕ್ಷಕರಿಗೆ ಲಿಖಿತ ದೂರು ಕೊಡಿ. ಆಲೂಗಡ್ಡೆ, ಶುಂಠಿಗೆ ತಾಲ್ಲೂಕಿನ ತೋಟಗಾರಿಕೆ ಇಲಾಖೆ. ರಾಗಿ, ಮುಸುಕಿನ ಜೋಳಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಬೀಜ ನಿಯಮಗಳ 23-ಎ ಪ್ರಕಾರ ಅವರು ಚೀಟಿ, ಚೀಲ, ಉಳಿದ ಬೀಜದ ಮಾದರಿಯನ್ನು ವಶಕ್ಕೆ ಪಡೆದು, ಆ ಲಾಟಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ತನಿಖೆ ಮಾಡಬೇಕು. ದೂರಿನ ನಕಲಿಗೆ ಸೀಲು, ಸಹಿ ಹಾಕಿಸಿಕೊಳ್ಳಿ. ಹೊಲ ನೋಡಿದ ಅಧಿಕಾರಿಯ ವರದಿ ಮುಖ್ಯ. ಅಂಗಮಾರಿ ರೋಗಕ್ಕೆ ಮೋಡ, ಮಳೆಯೂ ಕಾರಣ, ಎಲ್ಲ ನಷ್ಟವೂ ಬೀಜದ ದೋಷವಲ್ಲ.

ಪರಿಹಾರ ಸಿಗುವುದು ಹಾಸನದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ. ಬೇಸಾಯ ವ್ಯಾಪಾರವಾದ್ದರಿಂದ ರೈತ ಗ್ರಾಹಕನಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2012ರ ಜನವರಿಯಲ್ಲಿ, ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಮತ್ತು ಮಧುಸೂದನ ರೆಡ್ಡಿ ಪ್ರಕರಣದಲ್ಲಿ ತಳ್ಳಿಹಾಕಿದೆ. ಕೊಂಡದ್ದನ್ನೆಲ್ಲ ಬಿತ್ತಿದ ರೈತ ಪರೀಕ್ಷೆಗೆ ಬೀಜ ಉಳಿಸಿಟ್ಟಿರಬೇಕೆಂದು ನಿರೀಕ್ಷಿಸುವಂತಿಲ್ಲ ಎಂದೂ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಜಲಂಧರಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಗಡುವು 2 ವರ್ಷ. ಗ್ರಾಹಕ ಸಹಾಯವಾಣಿ 1915, ಕಾನೂನು ನೆರವಿಗೆ 15100.