ಖಿನ್ನತೆಗೆ ಅರಿವಳಿಕೆ ಮದ್ದು: ಪಾಪವೇ?

ಶಸ್ತ್ರಚಿಕಿತ್ಸೆಗೆ ಕೊಡುವ ಕೆಟಮಿನ್ ಎಂಬ ಅರಿವಳಿಕೆ ಮದ್ದನ್ನು ಅಮಲಿಗಾಗಿ ಬಳಸುವವರೂ ಇದ್ದಾರೆ. ಅದನ್ನೇ ವೈದ್ಯರು ಖಿನ್ನತೆಗೆ ಕೊಟ್ಟರೆ ಸ್ವೀಕರಿಸುವುದು ಪಾಪವೇ? ಅಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು (2291) ಮಾದಕವಸ್ತು ಸೇವನೆಯನ್ನು ಗಂಭೀರ ಅಪರಾಧವೆಂದರೂ ಚಿಕಿತ್ಸೆಗಾಗಿ ಬಳಸುವುದನ್ನು ಅದರಿಂದ ಹೊರಗಿಟ್ಟಿದೆ.

ಖಿನ್ನತೆ ವಿಶ್ವಾಸದ ಕೊರತೆಯಲ್ಲ, ಕಾಯಿಲೆ. ಮನೆಯಲ್ಲಿ ಯಾರಾದರೂ ಬದುಕೇ ಬೇಡವೆಂದರೆ ಕೈಗೆ ಜಪಸರ ಕೊಟ್ಟು ಸುಮ್ಮನಾಗಬೇಡಿ. ಅಂದೇ ಮನೋವೈದ್ಯರ ಬಳಿಗೆ ಕರೆದೊಯ್ಯಿರಿ.

ಬೇರೆ ಮಾತ್ರೆಗಳಿಗೆ ಬಗ್ಗದ ಖಿನ್ನತೆಯನ್ನು ಕೆಟಮಿನ್ ಕೆಲವರಲ್ಲಿ ಗಂಟೆಗಳಲ್ಲೇ ಇಳಿಸುತ್ತದೆ. ಆದರೆ ಆ ಉಪಶಮನ ಬಹುಕಾಲ ನಿಲ್ಲದು. ಮನಸ್ಸು ಹಗುರಾದ ದಿನಗಳಲ್ಲೇ ಆಪ್ತಸಮಾಲೋಚನೆಯೂ ನಡೆಯಲೆಂದು ಕೆಲವು ವೈದ್ಯರು ಎರಡನ್ನೂ ಜೋಡಿಸುತ್ತಾರೆ. ಅಮೆರಿಕವು 2019ರಲ್ಲಿ ಇದೇ ಬಗೆಯ ಮೂಗಿನ ಔಷಧಿ ಎಸ್ಕೆಟಮಿನ್‌ಗೆ ಅನುಮತಿಯಿತ್ತಾಗ, ರೋಗಿಯನ್ನು ಕನಿಷ್ಠ ಎರಡು ಗಂಟೆ ಚಿಕಿತ್ಸಾಲಯದಲ್ಲೇ ನೋಡಿಕೊಳ್ಳಬೇಕೆಂದು ವಿಧಿಸಿತು. ಅಂದು ಅವರು ವಾಹನ ಓಡಿಸುವಂತೆಯೂ ಇಲ್ಲ.